ಅಹವಾಲು ಕೇಳುವುದು, ಲೆಕ್ಕ ಕೊಡುವುದು

ಗುಂಡಿ ಬಿದ್ದ ರಸ್ತೆಯ ಫೋಟೊ ಹಾಕಿ ಅಧಿಕಾರಿಗಳನ್ನು ಟ್ಯಾಗ್ ಮಾಡುವುದು ಈ ಕಾಲದ ರೂಢಿ. ಆದರೆ ಆಳುವವರ ಎದುರು ನೇರವಾಗಿ ಅಹವಾಲು ಹೇಳಿಕೊಳ್ಳುವ ಏರ್ಪಾಡು ನಮ್ಮಲ್ಲಿ ಹಳೆಯದು. 1881ರ ಅಕ್ಟೋಬರ್‌ನಲ್ಲಿ, ದಸರೆಯ ಹೊತ್ತಿಗೆ, ಮೈಸೂರಿನ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಸೇರಿಸಿದರು. 1876–78ರ ಭೀಕರ ಬರದ ಪೆಟ್ಟಿನಿಂದ ಸಂಸ್ಥಾನ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಜಮೀನುದಾರರು, ವರ್ತಕರು ಸೇರಿ 144 ಮಂದಿಯ ಮುಂದೆ ದಿವಾನರು ಆಡಳಿತದ ವರದಿ ಇಟ್ಟರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಸದಸ್ಯರು ಹೇಳಿದ್ದನ್ನು ಸರ್ಕಾರ ನಡೆಸಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಸಭೆಗೆ ಶಾಸನದ ಆಧಾರ ಸಿಕ್ಕಿದ್ದು 1923ರಲ್ಲಿ, ಅಂದರೆ 42 ವರ್ಷ ಕಳೆದ ಮೇಲೆ. ಇಂದಿನ ಸಾಮಾಜಿಕ ಜಾಲತಾಣ ನಿಂತಿರುವುದು ಆ 42 ವರ್ಷಗಳ ಸ್ಥಿತಿಯಲ್ಲೇ ಎಂಬುದು ನನ್ನ ವಾದ: ದೂರು ಹೇಳಬಹುದು, ಉತ್ತರ ಕೊಡುವುದು ಆಳುವವರ ಮರ್ಜಿ.

ಹಾಗಾದರೆ ಉಕ್ಕಿನ ಮೇಲ್ಸೇತುವೆಯ ಯೋಜನೆ ನಿಂತುಹೋದದ್ದು ಹೇಗೆ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,800 ಕೋಟಿ ರೂಪಾಯಿಯ ಯೋಜನೆ ಅದು. ಅದಕ್ಕಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಿತ್ತು. 2016ರಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಹಬ್ಬಿತು, ಅಕ್ಟೋಬರ್ 16ರಂದು ಜನ ರಸ್ತೆಗಿಳಿದು ಮಾನವ ಸರಪಳಿ ಕಟ್ಟಿದರು. ಜಾಲತಾಣವಿಲ್ಲದಿದ್ದರೆ ಅಷ್ಟು ಬೇಗ ಅಷ್ಟು ಜನ ಸೇರುತ್ತಿರಲಿಲ್ಲ, ನಿಜ. ಆದರೆ ಅದೇ ತಿಂಗಳು ಕೆಲಸಕ್ಕೆ ತಡೆ ಕೊಟ್ಟದ್ದು ಹಸಿರು ನ್ಯಾಯಮಂಡಳಿ. ಭ್ರಷ್ಟಾಚಾರದ ಆರೋಪಗಳೂ ಸೇರಿಕೊಂಡು 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. 2019ರಲ್ಲಿ ಅದೇ ಪ್ರಸ್ತಾಪ ಮತ್ತೆ ತಲೆಯೆತ್ತಿತು, ಜನ ಮತ್ತೆ ಕೂಗಬೇಕಾಯಿತು. ಕೂಗಿನಿಂದ ಗೆದ್ದದ್ದನ್ನು ಕೂಗಿಯೇ ಕಾಯಬೇಕು.

ಕಾನೂನು ಕಡತದಲ್ಲೇ ಕೊಳೆಯುತ್ತದೆ, ಗದ್ದಲವಾದರೂ ಕೆಲಸ ಮಾಡಿಸುತ್ತದೆ ಎನ್ನುವವರಿದ್ದಾರೆ. ಅವರ ಸಿಟ್ಟು ಅರ್ಥವಾಗುವಂಥದ್ದು. ಆದರೆ ಗದ್ದಲಕ್ಕೆ ಫೋನು, ಬಿಡುವು, ಬೆಂಬಲಿಗರ ದಂಡು ಬೇಕು. ರಾಜಧಾನಿಗೆ ಇರುವಷ್ಟು ದನಿ ಗಡಿ ತಾಲ್ಲೂಕಿಗೆ ಇಲ್ಲ. ಕಾನೂನಿಗೆ ಅಂಥ ದಂಡು ಬೇಕಿಲ್ಲ. ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು, 2005ರಲ್ಲಿ ಕೇಂದ್ರದ್ದು ಬಂತು. 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರಿಸಬೇಕು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ. ಟ್ವೀಟಿಗೆ ಉತ್ತರಿಸದ ಅಧಿಕಾರಿಗೆ ಇವತ್ತಿಗೂ ಅಂಥ ದಂಡವಿಲ್ಲ.