ಸ್ಟೆಂಟ್ ನಡೆದು ಬಂದ ದಾರಿ

1968ರ ಫೆಬ್ರವರಿಯಲ್ಲಿ ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ನಡೆಸಿದರು. ರೋಗಿ ಬದುಕಿದ್ದು ಕೆಲವೇ ಗಂಟೆ. ಹೃದಯವನ್ನೇ ಬದಲಿಸುವ ಸಾಹಸ ನಡೆದ ಆ ಕಾಲದಲ್ಲಿ ಸಾಮಾನ್ಯ ಹೃದಯಾಘಾತಕ್ಕೆ ಇದ್ದ ಚಿಕಿತ್ಸೆಯಾದರೋ ಬಹುಮಟ್ಟಿಗೆ ಹಾಸಿಗೆಯ ವಿಶ್ರಾಂತಿ ಮತ್ತು ನೋವು ಶಮನದ ಮದ್ದು. ಕಟ್ಟಿಹೋದ ರಕ್ತನಾಳವನ್ನು ಒಳಗಿನಿಂದ ತೆರೆಯುವ ಉಪಾಯ ವೈದ್ಯರ ಕೈಗೆ ಇನ್ನೂ ಬಂದಿರಲಿಲ್ಲ.

ದಾರಿ ತೋರಿದವರು ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಅವರು ಸಪೂರ ನಳಿಕೆಯ ತುದಿಯ ಬಲೂನನ್ನು ಹೃದಯದ ನಾಳದೊಳಗೆ ಉಬ್ಬಿಸಿ, ಕಿರಿದಾದ ಜಾಗವನ್ನು ಅಗಲಿಸಿದರು. ಆದರೆ ಹಲವರಲ್ಲಿ ನಾಳ ಮತ್ತೆ ಮುದುಡುತ್ತಿತ್ತು. ಅದಕ್ಕೆ ಆಸರೆಯಾಗಿ 1986ರಲ್ಲಿ ಫ್ರಾನ್ಸಿನ ಪುಯೆಲ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿದ್ದ ಸಿಗ್ವಾರ್ಟ್ ಲೋಹದ ಬಲೆಯ ಕೊಳವೆಯನ್ನು ಇಟ್ಟರು. ಅದೇ ಸ್ಟೆಂಟ್. ಮಣ್ಣು ಕುಸಿಯದಂತೆ ಬಾವಿಗೆ ರಿಂಗು ಇಳಿಸುತ್ತೇವಲ್ಲ, ಹಾಗೆ.

ಒಂದು ದೋಷ ತಿದ್ದಿದರೆ ಇನ್ನೊಂದು ತಲೆಯೆತ್ತಿತು. ಬರಿಯ ಲೋಹದ ಸ್ಟೆಂಟಿನೊಳಗೆ ಅಂಗಾಂಶ ಬೆಳೆದು ದಾರಿ ಕಿರಿದಾಗುತ್ತಿತ್ತು. ಅದನ್ನು ತಡೆಯಲು 2002ರಲ್ಲಿ ಔಷಧ ಲೇಪಿಸಿದ ಸ್ಟೆಂಟ್ ಮಾರುಕಟ್ಟೆಗೆ ಬಂದಿತು. ತಡವಾಗಿ ಅದರೊಳಗೆ ರಕ್ತ ಹೆಪ್ಪುಗಟ್ಟಬಹುದೆಂಬ ಭೀತಿ 2006ರಲ್ಲಿ ಎದ್ದಿತು. ಅನಂತರದ ತೆಳು ತಂತಿಯ ಸ್ಟೆಂಟುಗಳಲ್ಲಿ ಈ ಅಪಾಯ ತಗ್ಗಿದೆ. ತಾನಾಗಿ ಕರಗುತ್ತದೆಂದು ಆಸೆ ಹುಟ್ಟಿಸಿದ್ದ 'ಅಬ್ಸಾರ್ಬ್' ಮಾತ್ರ 2017ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಕಡಿವಾಣ ಹಾಕಿತು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂ., ಬರಿಯ ಲೋಹದ್ದಕ್ಕೆ 7,260 ರೂ. ಎಂದು ಗೊತ್ತುಮಾಡಿತು. ತಿಂಗಳ ಸಂಬಳ ನಂಬಿದ ಸಂಸಾರಗಳಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಸ್ಟೆಂಟನ್ನು ಎಷ್ಟು ನಂಬಬಹುದು? ಆಘಾತ ಆಗುತ್ತಿರುವಾಗ ಬೇಗನೆ ನಾಳ ತೆರೆದು ಸ್ಟೆಂಟ್ ಇಟ್ಟರೆ ಅದು ಪ್ರಾಣ ಉಳಿಸುತ್ತದೆ. ಆದರೆ ಆಘಾತವಿಲ್ಲದೆ, ನಡೆದಾಗ ಮಾತ್ರ ಎದೆ ನೋಯುವ ಸ್ಥಿರ ರೋಗಿಗಳಲ್ಲಿ ಅದು ನೋವು ತಗ್ಗಿಸಿತೇ ಹೊರತು, ಉತ್ತಮ ಔಷಧೋಪಚಾರಕ್ಕಿಂತ ಹೆಚ್ಚು ಆಯುಸ್ಸು ಕೊಡಲಿಲ್ಲವೆಂದು 2007 ಮತ್ತು 2019ರ ದೊಡ್ಡ ಪರೀಕ್ಷೆಗಳು ತೋರಿಸಿದವು.

ಆದ್ದರಿಂದ ಎದೆನೋವು ಬಂದಾಗ ಗ್ಯಾಸೆಂದು ಸೋಡಾ ಕುಡಿದು ಲೋಕಲ್ ಹತ್ತದೆ, ಕೂಡಲೇ 108ಕ್ಕೆ ಫೋನು ಮಾಡಬೇಕು. ಆಘಾತದ ನಂತರ ಸ್ಟೆಂಟ್ ಹಾಕಿಸಿಕೊಂಡವರು ಹೆಪ್ಪು ತಡೆಯುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕಾಗುತ್ತದೆ. ಊರಿಗೆ ಹೊರಟಾಗಲಿ, ಹಲ್ಲು ಕೀಳಿಸುವಾಗಲಿ, ಹೃದಯದ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಕೂಡದು. ಸ್ಟೆಂಟ್ ದಾರಿ ತೆರೆದೀತು. ಅದನ್ನು ತೆರೆದಿಡುವುದು ನಮ್ಮ ಕೈಯಲ್ಲೂ ಇದೆ.