ಮೊದಲ ತುತ್ತಿನ ಅಳತೆ

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ?' ಎಂಬುದು ನಮ್ಮವರ ನೆಚ್ಚಿಕೆಯ ಮಾತು. ಕಡಲಮೀನುಗಳ ಚರಿತ್ರೆಯನ್ನು ಓದುವಾಗ ಈ ಗಾದೆ ಅಲ್ಲಿಯೂ ಸಲ್ಲುವುದೆ ಎಂಬ ಸಂದೇಹ ನನಗೆ ಬರುತ್ತದೆ.

ನಾರ್ವೆಯ ಕರಾವಳಿಯ ಜನ ತಲೆಮಾರುಗಳಿಂದ ಹೆರಿಂಗ್ ಮತ್ತು ಕಾಡ್ ಮೀನುಗಳನ್ನು ನಂಬಿ ಬಾಳಿದವರು. ಕೆಲವು ಕಾಲ ಬಲೆ ಹರಿಯುವಷ್ಟು ಮೀನು. ಮತ್ತೆ ಕೆಲವು ಕಾಲ ಬರಿಯ ನೀರು. ಮೀನು ದಾರಿ ಬದಲಿಸಿತೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದರು. 1914ರಲ್ಲಿ ಆ ದೇಶದ ವಿಜ್ಞಾನಿ ಯೋಹಾನ್ ಯೋರ್ಟ್ ಅವರು ಬೇರೊಂದು ಉತ್ತರ ಕೊಟ್ಟರು. ಮರದ ಕಾಂಡದಲ್ಲಿರುವಂತೆ ಹೆರಿಂಗಿನ ಹುರುಪೆಯಲ್ಲಿಯೂ ವರ್ಷಕ್ಕೊಂದು ಬಳೆ ಮೂಡುತ್ತದೆ. ಅವನ್ನೆಣಿಸಿ ನೋಡಿದರೆ, 1904ರಲ್ಲಿ ಹುಟ್ಟಿದ ಹೆರಿಂಗುಗಳೇ 1910ರಿಂದ ಮೂರು ನಾಲ್ಕು ವರ್ಷ ಬಲೆಯ ಅರ್ಧಕ್ಕಿಂತ ಹೆಚ್ಚನ್ನು ತುಂಬಿದ್ದವು! ಉಳಿದ ವರ್ಷಗಳ ಮರಿಗಳು ಏನಾದವು? ಹುಟ್ಟುವಾಗ ಹೊಟ್ಟೆಗೆ ಅಂಟಿಕೊಂಡು ಬಂದ ಹಳದಿಯ ಬುತ್ತಿ ಮುಗಿದೊಡನೆ ತಕ್ಕ ಆಹಾರ ಸಿಕ್ಕದೆ ಅವು ಸತ್ತಿರಬೇಕು, ಇಲ್ಲವೆ ಪ್ರವಾಹಕ್ಕೆ ಸಿಕ್ಕಿ ದೂರ ಹೋಗಿರಬೇಕು ಎಂದು ಯೋರ್ಟ್ ಊಹಿಸಿದರು.

'ತಕ್ಕ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಎಳೆಯ ಮರಿ ಅಗಿಯಲಾರದು, ಇಡಿಯಾಗಿ ನುಂಗಬೇಕು. ಬೇಟೆ ದಪ್ಪವಾದರೆ ಬಾಯೊಳಗೆ ಹೋಗದು. ತೀರ ಸಣ್ಣದಾದರೆ ಹಿಡಿದ ಶ್ರಮಕ್ಕೂ ಸಾಲದು.

ಇದನ್ನು ಕಡಲಿನಲ್ಲಿಯೇ ಪರೀಕ್ಷಿಸಿದವರು ಕ್ಯಾಲಿಫೋರ್ನಿಯದ ರೂಬೆನ್ ಲ್ಯಾಸ್ಕರ್. 1974ರಲ್ಲಿ ಅವರು ಪ್ರಯೋಗಶಾಲೆಯಲ್ಲಿ ಹುಟ್ಟಿದ ಆಂಕೋವಿ ಮೀನಿನ ಮರಿಗಳನ್ನು ಹಡಗಿನಲ್ಲಿ ಒಯ್ದು, ಕಡಲಿನಿಂದ ಆಗತಾನೆ ಮೊಗೆದ ನೀರಿಗೆ ಬಿಟ್ಟರು. ಸುಮಾರು 40 ಮೈಕ್ರಾನ್, ಎಂದರೆ ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಪಾಲಿನಷ್ಟಿರುವ ಏಕಕೋಶಜೀವಿಗಳು ದಟ್ಟವಾಗಿದ್ದ ನೀರಿನಲ್ಲಿ ಮರಿಗಳು ಉಂಡವು. ಬಳಿಕ ಬಿರುಗಾಳಿಯೆದ್ದು ಕಡಲನ್ನು ಕದಡಿತು. ಆ ಜೀವಿಗಳು ಚದರಿಹೋದವು. ಹೊಸ ನೀರಿನಲ್ಲಿ ಮರಿಗಳ ಹೊಟ್ಟೆ ತುಂಬಲಿಲ್ಲ. ಕಡಲಿನಲ್ಲಿ ಅನ್ನ ಇದ್ದರಷ್ಟೇ ಸಾಲದು, ಬಾಯಿಯ ಬಳಿ ಒತ್ತಾಗಿರಬೇಕು.

ಮೀನು ಸಾಕುವವರಿಗೂ ಈ ಅಳತೆಯೇ ತೊಡಕಾಗಿತ್ತು. ಜಪಾನಿನ ಹಾವುಮೀನಿನ ಕೊಳಗಳಲ್ಲಿ ಪಿಡುಗೆನಿಸಿದ್ದ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿಯೇ 1960ರಿಂದೀಚೆಗೆ ಎಳೆಮರಿಗಳ ಅನ್ನವಾಯಿತು. ಅದರ ಗಾತ್ರ ಆ ಪುಟ್ಟ ಬಾಯಿಗಳಿಗೆ ಹೊಂದಿತು.

ಮರಿಗಳ ಸಾವಿಗೆ ಹಸಿವೊಂದೇ ಕಾರಣವಲ್ಲ, ಅವನ್ನು ನುಂಗುವ ವೈರಿಗಳೂ ಉಂಟೆಂದು ಮುಂದಿನವರು ತೋರಿಸಿದ್ದಾರೆ. ಆದರೂ ಅರಸರ ಸೋಲುಗೆಲುವುಗಳನ್ನೇ ಚರಿತ್ರೆಯೆಂದು ಓದುವ ನಮಗೆ ಇದೊಂದು ಪಾಠ. ಕಡಲತಡಿಯ ಎಷ್ಟೋ ಮನೆಗಳ ಒಲೆ ಉರಿಯುವುದೂ ಆರುವುದೂ ಕಣ್ಣಿಗೆ ಕಾಣದ ಒಂದು ತುತ್ತಿನ ಅಳತೆಯನ್ನು ನೆಚ್ಚಿದೆ.