ಮಳಿಗೆಯ ಮೇಲಿನ ಕೋಣೆ

ಗುಂಡ್ಲುಪೇಟೆ, ಚಾಮರಾಜನಗರ ಎರಡೂ 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಓದಿಗೆ, ಕೋರ್ಟಿಗೆ, ದೊಡ್ಡಾಸ್ಪತ್ರೆಗೆ ಎಲ್ಲದಕ್ಕೂ ಮೈಸೂರಿನ ಬಸ್ಸೇ ಗತಿ. ಹಾಗೆ ಹೋದ ನಮ್ಮಲ್ಲಿ ಎಷ್ಟೋ ಜನಕ್ಕೆ ಅರಮನೆಗಿಂತ ಹತ್ತಿರವಾದ ಕಟ್ಟಡ ಚಿಕ್ಕಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಬಿಲ್ಡಿಂಗು. ಅಲ್ಲಿ ಹಳೇ ಪುಸ್ತಕ ಅಗ್ಗಕ್ಕೆ ಸಿಗ್ತಿತ್ತು, ಅಷ್ಟೇ ಕಾರಣ. ಪುಸ್ತಕ ತಿರುವುತ್ತಾ ನಿಂತವರು ತಲೆ ಎತ್ತಿ ಮೇಲಂತಸ್ತು ನೋಡಿದ್ದು ಕಡಿಮೆ.

1892ರಲ್ಲಿ ಕಟ್ಟಿದ್ದು. ಮೈಸೂರಿಗೆ ಬಂದ ವೈಸರಾಯ್ ಲ್ಯಾನ್ಸ್‌ಡೌನನ ಹೆಸರಿಟ್ಟರು. ಚಿಕ್ಕಗಡಿಯಾರಕ್ಕೂ ಇನ್ನೊಬ್ಬ ವೈಸರಾಯ್ ಡಫರಿನ್ನನ ಹೆಸರು. ಇದೇನು ಹೊಸದಲ್ಲ ಬಿಡಿ. ಅರಿಕುಠಾರ ಎಂಬ ನಮ್ಮೂರು 1818ರಲ್ಲಿ ಮುಮ್ಮಡಿ ಕೃಷ್ಣರಾಜರ ತಂದೆಯ ಹೆಸರು ಹೊತ್ತು ಚಾಮರಾಜನಗರವಾಯಿತು.

ಕಟ್ಟಡದ ಮಾತಿಗೆ ಬರೋಣ. ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಅಂಗಡಿಗಳ ಉದ್ದ ಸಾಲು. ಕೆಳಗೆ ಮಳಿಗೆ, ಮೇಲೆ ಕೋಣೆ. ಆ ಕಾಲದ ಇಂಥ ಕಟ್ಟಡಗಳಿಗೆ ಇಟ್ಟಿಗೆ, ಗಾರೆ, ಮರದ ತೊಲೆಗಳೇ ಆಧಾರ. ಸುಣ್ಣದ ಕಲ್ಲು ಸುಟ್ಟು, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು ಗಾರೆ ಮಾಡಬೇಕು. ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿದರೆ ಅದು ಮದ್ರಾಸ್ ತಾರಸಿ. ಕಲ್ಲು ಒಡೆದವರು, ಮಂಕರಿ ಹೊತ್ತ ಹೆಂಗಸರು ಯಾರು ಅಂತ ಯಾವ ಕಲ್ಲಿನ ಮೇಲೂ ಬರೆಯಲ್ಲ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತೆ. ಮಳೆನೀರು ಇಳಿದರೆ ಅಲ್ಲೇ ಕೊಳೆಯುತ್ತೆ, ಕೆಳಗೆ ನಿಂತವರಿಗೆ ಕಾಣಲ್ಲ.

ನಮ್ಮ ದೊಡ್ಡ ಅಂಗಡಿ ಬೀದಿ, ಚಿಕ್ಕ ಅಂಗಡಿ ಬೀದಿಯಂಥ ಹಳೇ ಪೇಟೆಬೀದಿಗಳ ರೀತಿ ಬೇರೆ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟ. ಸಾಮಾನಿನ ಮೇಲೇ ಸಾಹುಕಾರ ಮಲಗ್ತಾನೆ, ಕಳ್ಳರ ಭಯವಿಲ್ಲ. ಮೆಟ್ಟಿಲು ಮನೆಯೊಳಗಿಂದ. ನಮ್ಮ ಹಿರಿಯರಿಗೆ ಜಗಲಿಯೂ ಎಟುಕದ್ದು. ಕೆಳಗೆ ನಿಂತು ಕಾಸು ಇಡಬೇಕು, ಉಪ್ಪು-ಮೆಣಸು ಮೇಲಿಂದ ಸೆರಗಿಗೆ ಬೀಳ್ತಿತ್ತು. ಊರೇ ಜಾತಿಗೊಂದು ಬೀದಿ. ಅಗ್ರಹಾರ ಅಲ್ಲಿ, ಕೇರಿ ಇಲ್ಲಿ.

ಸಾಲುಮಳಿಗೆ ತಂದ ಹೊಸತು ಏನಪ್ಪಾ ಅಂದ್ರೆ ಬಾಡಿಗೆ. ಮೇಲಿನ ಕೋಣೆ ಯಾವ ಜಾತಿಯ ಬೀದಿಯದೂ ಅಲ್ಲ. ದುಡ್ಡು ಕೊಟ್ಟವನು ಮೆಟ್ಟಿಲು ಹತ್ತಬಹುದು. ಲೆಕ್ಕಕ್ಕೆ ಹಾಗೆ.

ಈ ಲೆಕ್ಕ ಸುಳ್ಳಾದ ಕತೆ ಆ ಬಿಲ್ಡಿಂಗಿನ ಮಗ್ಗುಲ ರಸ್ತೆಯ ಹೆಸರಲ್ಲೇ ಇದೆ. ಸಯ್ಯಾಜಿರಾವ್ ರಸ್ತೆ. ಬರೋಡದ ಇದೇ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಬಾಬಾಸಾಹೇಬರು 1913ರಲ್ಲಿ ಅಮೆರಿಕಕ್ಕೆ ಹೋದದ್ದು. ಓದಿ ಬಂದು 1917ರಲ್ಲಿ ಬರೋಡದ ನೌಕರಿಗೆ ಸೇರಿದರೆ ಊರಲ್ಲಿ ತಂಗಲು ಜಾಗವಿಲ್ಲ. ಕೊನೆಗೆ ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಎರಡಂತಸ್ತಿನ ಮನೆ. ಕೆಳಗೆ ನೋಡಿಕೊಳ್ಳುವವನ ಸಂಸಾರ, ಮೇಲೆ ಒಬ್ಬರೇ ಅಂಬೇಡ್ಕರ್, ಪಕ್ಕದ ಹಜಾರದ ತುಂಬ ಮುರಿದ ಬೆಂಚು ಕುರ್ಚಿಗಳು. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತಾರು ಜನ ಮೆಟ್ಟಿಲೇರಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕಾಯಿತು. ಬಾಡಿಗೆ ಬಾಕಿಯೇನೂ ಇರಲಿಲ್ಲ.

ನಮ್ಮ ಹುಡುಗರು ಮಹಡಿ ಕೋಣೆ ಕೇಳೋಕೆ ಹೋದಾಗ ಕೇಳಿಸಿಕೊಂಡ ಮೊದಲ ಮಾತು 'ಎಷ್ಟು ಕೊಡ್ತೀಯ' ಅಲ್ಲ, 'ನೀವು ಯಾವ ಜನ' ಅಂತ. ಕೆಲವರು ಸುಳ್ಳು ಹೇಳಿದರು. ಹೇಳಿದವರನ್ನು ನಾವು ತಪ್ಪು ಅನ್ನಲಾರೆವು.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಆಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗಳ ಹೈಕೋರ್ಟಿನವರೆಗೂ ಹೋಯಿತು. ಪಾರಂಪರಿಕ ಕಟ್ಟಡ ಅಂತ ಒಂದು ಕಡೆ, ಪ್ರಾಣಕ್ಕೆ ಅಪಾಯ ಅಂತ ಇನ್ನೊಂದು ಕಡೆ. ಕಮಾನು ಉಳಿಯಲಿ, ನಮ್ಮ ತಕರಾರಿಲ್ಲ. ಆದರೆ ಕಮಾನಿನ ಅಳತೆ ಬರೆದುಕೊಳ್ಳುವವರು ಮೇಲಿನ ಕೋಣೆಗಳ ಬಾಡಿಗೆದಾರರ ಪಟ್ಟಿಯನ್ನೂ ಬರೆದುಕೊಳ್ಳಬೇಕು.

ಹಳ್ಳಿ ಮೇಷ್ಟರುಗಳೇ, ನಿಮ್ಮ ಮಕ್ಕಳನ್ನು ಒಂದು ದಿನ ಪೇಟೆಬೀದಿಗೆ ಕರಕೊಂಡು ಹೋಗಿ. ಯಾವ ಮನೆಯ ಮೆಟ್ಟಿಲು ಬೀದಿಗಿದೆ, ಯಾವುದು ಒಳಗಿದೆ ಎಣಿಸಲಿ. ಮೇಲೆ ಯಾರ್ಯಾರು ಇದ್ದರು ಅಂತ ವಯಸ್ಸಾದವರನ್ನು ಕೇಳಲಿ. ಹಳೇ ಬಾಡಿಗೆ ಚೀಟಿ ಸಿಕ್ಕರೆ ನಕಲು ಮಾಡಿ ನಮಗೆ ಕಳಿಸಿ.